ಕತ್ತರಿ ಹಿಡಿದವರು ಯಾರು?

ಅಮ್ಮ ಅಮೆರಿಕಕ್ಕೆ ಬಂದಾಗಲೆಲ್ಲ ಹಳೇ ಸಾಮಾನಿನ ಅಂಗಡಿಗೆ ಹೋಗೋಣ ಅಂತಾರೆ. ಈ ಸಲ ಪೆನ್ಸಿಲ್ವೇನಿಯಾದ ಒಂದು ಊರಿಗೆ ಹೋಗಿದ್ದೆವು. ಅಲ್ಲಿ ಗೋಡೆ ಮೇಲೆ ಅಂಗೈ ಅಗಲದ ಚೌಕಟ್ಟು, ಒಳಗೆ ಪಕ್ಕಕ್ಕೆ ತಿರುಗಿದ ಹೆಂಗಸಿನ ಕಪ್ಪು ಮುಖ. ದೂರದಿಂದ ಶಾಯಿಯಲ್ಲಿ ಬರೆದ ಚಿತ್ರದ ಹಾಗೇ ಕಾಣ್ತಿತ್ತು.

ಅಂಗಡಿಯವರು ಚೌಕಟ್ಟು ಬಿಚ್ಚಿ ಕಾಗದ ತೋರಿಸಿದರು. ನನಗೆ ಮೈ ಜುಮ್ಮೆಂದಿತು. ಬಿಳಿ ಹಾಳೆಯಲ್ಲಿ ಮುಖದ ಆಕಾರವನ್ನೇ ಕತ್ತರಿಸಿ ತೆಗೆದಿದ್ದಾರೆ, ಹಿಂದೆ ಕಪ್ಪು ಬಟ್ಟೆ ಇಟ್ಟಿದ್ದಾರೆ, ಅಷ್ಟೇ. ಕಣ್ಣಿನ ಜಾಗದಲ್ಲಿ ರೆಪ್ಪೆಗೆಂದು ಕೂದಲೆಳೆಯಷ್ಟು ಸಣ್ಣ ಸೀಳು ಕತ್ತರಿಸಿದ್ದಾರೆ. ಕತ್ತಿನ ಕೆಳಗೆ ಶಾಯಿಯಿಲ್ಲದೆ ಒತ್ತಿದ ಉಬ್ಬು ಅಕ್ಷರ: ಮ್ಯೂಸಿಯಂ.

"ಯಾರು ಮಾಡಿದ್ದಂತೆ?" ಅಮ್ಮ ಕೇಳಿದರು. ಫಿಲಡೆಲ್ಫಿಯಾದ ಪೀಲ್ ಮ್ಯೂಸಿಯಂ ಅಂದರು ಅಂಗಡಿಯವರು. "ಅದು ಜಾಗದ ಹೆಸರಾಯ್ತು ಕಣೋ. ಕತ್ತರಿ ಹಿಡಿದವರು ಯಾರು?"

ಆ ಹೆಸರು ನನಗೆ ಗೊತ್ತಿತ್ತು. ಮೋಸೆಸ್ ವಿಲಿಯಮ್ಸ್. ಆ ಮ್ಯೂಸಿಯಂ ಕಟ್ಟಿದ ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್ ಮನೆಯಲ್ಲಿ ಗುಲಾಮನಾಗಿ ಬೆಳೆದವರು. ಅಪ್ಪ ಅಮ್ಮನಿಗೆ 1786ರಲ್ಲೇ ಬಿಡುಗಡೆ ಸಿಕ್ಕಿತು, ಆದರೆ ಪೆನ್ಸಿಲ್ವೇನಿಯಾದ ಕಾನೂನಿನ ಪ್ರಕಾರ ಹುಡುಗ 28 ವರ್ಷ ಆಗೋವರೆಗೂ ಅಲ್ಲೇ ದುಡಿಯಬೇಕಿತ್ತು. ಪೀಲ್ ತನ್ನ ಮಕ್ಕಳಿಗೆ ಬಣ್ಣ, ಕುಂಚ ಕಲಿಸಿದ. ಮೋಸೆಸ್ ಪಾಲಿಗೆ ಬಂದದ್ದು ಯಂತ್ರ. 1802ರಲ್ಲಿ ಮ್ಯೂಸಿಯಂಗೆ ಫಿಸಿಯೋನೋಟ್ರೇಸ್ ಅನ್ನೋ ಸಾಧನ ಬಂತು. ಕೂತವರ ಮುಖದ ಅಂಚಿನುದ್ದಕ್ಕೂ ಒಂದು ಹಿತ್ತಾಳೆ ಕಡ್ಡಿ ಸಾಗುತ್ತೆ, ಅದಕ್ಕೆ ಜೋಡಿಸಿದ ಮೊನೆ ಮಡಚಿದ ಕಾಗದದ ಮೇಲೆ ಅದೇ ಗೆರೆಯನ್ನು ಚಿಕ್ಕದಾಗಿ ಗೀರುತ್ತೆ. ಕಾಗದ ಎರಡು ಸಲ ಮಡಚಿರೋದರಿಂದ ಒಂದೇ ಕತ್ತರಿಗೆ ನಾಲ್ಕು ಮುಖ. ಅದೇ ವರ್ಷ ಅವರಿಗೆ ಬಿಡುಗಡೆಯೂ ಆಯಿತು. ಕತ್ತರಿಸಿಕೊಡಲು ಎಂಟು ಸೆಂಟ್. 1803ರ ಒಂದೇ ವರ್ಷ 8,000ಕ್ಕೂ ಜಾಸ್ತಿ ಮುಖಗಳು! ಅದೇ ದುಡ್ಡಲ್ಲಿ ಅವರು ಸ್ವಂತ ಮನೆ ಕೊಂಡರು.

ಯಂತ್ರ ಗೆರೆ ಹಾಕುತ್ತೆ, ಸರಿ. ಆದರೆ ಆ ರೆಪ್ಪೆಯನ್ನು ಯಂತ್ರ ಬಿಡಿಸಲ್ಲ, ಅಲ್ವಾ? ಕಾಗದವನ್ನು ಕಿಟಕಿ ಬೆಳಕಿಗೆ ಹಿಡಿದಾಗ ಹಣೆಯ ಹತ್ತಿರ ಮೊನೆಯ ಗೀರು ಸಣ್ಣದಾಗಿ ಕಾಣ್ತಿತ್ತು, ಕತ್ತರಿ ಅದನ್ನು ಬಿಟ್ಟು ಸ್ವಲ್ಪ ಒಳಗೆ ಸರಿದು ಮೂಗಿನ ತುದಿಯನ್ನು ಇನ್ನಷ್ಟು ಚೂಪು ಮಾಡಿತ್ತು. ಅದು ಕೈಯ ತೀರ್ಮಾನ, ಕಣ್ಣಿನ ತೀರ್ಮಾನ. ಹಾಗಿದ್ದೂ ಒತ್ತಿದ ಮುದ್ರೆ ಮಾತ್ರ ಮ್ಯೂಸಿಯಂದು. ಇದು ನನಗೆ ನಿಜಕ್ಕೂ ಬೇಜಾರು. ಇದೇ ಹಾಳೆ ಅವರೇ ಕತ್ತರಿಸಿದ್ದು ಅಂತ ಆಣೆ ಮಾಡಿ ಹೇಳಕ್ಕಾಗಲ್ಲ, ಆದರೆ ಆ ಮುದ್ರೆ ಇರೋ ಹಾಳೆಯ ಪಕ್ಕ ಅವರ ಹೆಸರನ್ನೂ ಹೇಳಲೇಬೇಕು.

1839ರಲ್ಲಿ ಡಾಗೆರೋಟೈಪ್ ಫೋಟೋ ಬಂದಮೇಲೆ ಈ ಕಸುಬು ಕುಸಿಯಿತು.

ಮೋಸೆಸ್ ಅವರದ್ದೇ ಮುಖ ಕೂಡ ಹೀಗೇ ಕತ್ತರಿಸಿದ್ದು ಒಂದಿದೆ, ಫಿಲಡೆಲ್ಫಿಯಾದ ಲೈಬ್ರರಿ ಕಂಪನಿ ಅನ್ನೋ ಗ್ರಂಥಾಲಯದಲ್ಲಿ. ಅದನ್ನು ಪೀಲ್ ಮಗ ರಾಫೆಲ್ ಮಾಡಿದ್ದು ಅಂತ ತುಂಬಾ ಕಾಲ ಹೇಳ್ತಿದ್ದರು, ಈಗ ಕೆಲವು ವಿದ್ವಾಂಸರು ಮೋಸೆಸ್ ತಾವೇ ಕತ್ತರಿಸಿಕೊಂಡಿರಬೇಕು ಅಂತಾರೆ. ನನ್ನ ಮನಸ್ಸು ಅವರ ಕಡೆಗೇ. ಅಷ್ಟು ಸಾವಿರ ಮುಖ ಕತ್ತರಿಸಿದವರು ತಮ್ಮದನ್ನು ಇನ್ನೊಬ್ಬರ ಕೈಗೆ ಯಾಕೆ ಕೊಡ್ತಾರೆ? ಅಮ್ಮನಿಗೂ ಅದೇ ಅನಿಸಿತು. ಊರಿಗೆ ಹೊರಡುವ ಮೊದಲು ಅದನ್ನು ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ, ನೋಡೋಕೆ ಬಿಡ್ತಾರಾ ಅಂತ ಅಲ್ಲಿಗೆ ಬರೆದು ಕೇಳಿದ್ದೇನೆ.