ಮಾಸ್ಕೋದ ಓಣಿಯಲ್ಲಿ ಸಿಕ್ಕ ಲೈಬ್ರರಿ ಅಜ್ಜಿ

ಕೆಂಪು ಚೌಕ, ಕ್ರೆಮ್ಲಿನ್ ಎಲ್ಲಾ ನೋಡಿದೆವು. ಚೆಂದವೇ. ಆದರೆ ನನ್ನ ಮನಸ್ಸು ನಿಂತದ್ದು ತ್ವೆರ್ಸ್ಕಾಯಾ ರಸ್ತೆಗೆ ಅಂಟಿಕೊಂಡ ಬೊಲ್ಶೋಯ್ ಗ್ನೆಜ್ದ್ನಿಕೊವ್ಸ್ಕಿ ಎಂಬ ಓಣಿಯಲ್ಲಿ. ತ್ಸಾರ್ ದೊರೆಗಳ ಕಾಲದ ಗುಪ್ತ ಪೊಲೀಸ್ ಪಡೆ ಓಖ್ರಾನಾದ ಮಾಸ್ಕೋ ಕಚೇರಿ ಇದ್ದದ್ದು ಇಲ್ಲೇ. 1896ರಿಂದ 1902ರವರೆಗೆ ಅದರ ಮುಖ್ಯಸ್ಥ ಸೆರ್ಗೇಯ್ ಜುಬಾತೊವ್.

ಅಕ್ಕನ ಮಗಳು ಮಾಸ್ಕೋದಲ್ಲಿ ಮೆಡಿಕಲ್ ಓದುತ್ತಾಳೆ, ರಷ್ಯನ್ ಸಲೀಸು. ಅಲ್ಲಿ ಒಬ್ಬ ಅಜ್ಜಿ ನಮ್ಮನ್ನು ನೋಡಿ, ಏನು ಹುಡುಕ್ತಿದ್ದೀರಿ ಅಂತ ಕೇಳಿದರು. ಜುಬಾತೊವ್ ಹೆಸರು ಕಿವಿಗೆ ಬಿದ್ದದ್ದೇ ತಡ, ಕೈಚೀಲ ಕೆಳಗಿಟ್ಟು ನಿಂತೇಬಿಟ್ಟರು. ಚೀಲದಿಂದ ಸಬ್ಬಸಿಗೆ ಸೊಪ್ಪಿನ ವಾಸನೆ ಬರುತ್ತಿತ್ತು.

ಅಜ್ಜಿ ಜೀವಮಾನವೆಲ್ಲ ಲೈಬ್ರರಿಯಲ್ಲಿ ದುಡಿದವರು. ಅವರ ಸಿಟ್ಟಿಗೆ ಕಾರಣವೂ ಅದೇ. ಹರೆಯದಲ್ಲಿ ಜುಬಾತೊವ್ ಕ್ರಾಂತಿಕಾರಿಗಳ ಸಹವಾಸದಲ್ಲಿದ್ದವನು. ಅವನ ಹೆಂಡತಿಯದೊಂದು ಖಾಸಗಿ ಲೈಬ್ರರಿ ಇತ್ತು. ನಿಷೇಧಿತ ಪುಸ್ತಕಕ್ಕಾಗಿ ಹುಡುಗರು ಅಲ್ಲಿಗೆ ಬರುತ್ತಿದ್ದರು. 1886ರಲ್ಲಿ ಅವನು ಪೊಲೀಸರ ಮಾಹಿತಿದಾರನಾದ.

"ಪುಸ್ತಕ ಕೇಳ್ಕೊಂಡು ಬಂದವರನ್ನ ಹಿಡಿದುಕೊಟ್ಟ. ಬೇರೆ ಏನನ್ನಾದ್ರೂ ಕ್ಷಮಿಸಬಹುದು, ಇದನ್ನಲ್ಲ," ಅಂದರು ಅಜ್ಜಿ.

"ಆದ್ರೆ ಚಿಕ್ಕಮ್ಮ, ಅವನು ಕೈದಿಗಳಿಗೆ ಚಹಾ ಕೊಟ್ಟು ಮಾತಾಡ್ತಿದ್ದ ಅಂತ ನೀವೇ ಹೇಳಿದ್ರಲ್ವಾ?" ಎಂದಳು ಹುಡುಗಿ.

ಹೌದು. ಮಾತಿನಲ್ಲೇ ಒಲಿಸಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. ಸಿಕ್ಕಿಬಿದ್ದವರನ್ನು ಎದುರು ಕೂರಿಸಿಕೊಂಡು ಗಂಟೆಗಟ್ಟಲೆ ವಾದಿಸುತ್ತಿದ್ದ: ಕ್ರಾಂತಿ ಯಾಕೆ, ಕಾರ್ಮಿಕರಿಗೆ ಬೇಕಾದ್ದನ್ನು ತ್ಸಾರ್ ದೊರೆಯೇ ಕೊಡಬಲ್ಲ ಅಂತ. ಪೊಲೀಸರ ಕಣ್ಗಾವಲಿನಲ್ಲೇ ಕಾರ್ಮಿಕ ಸಂಘಗಳನ್ನೂ ಕಟ್ಟಿಸಿದ. 1902ರ ಫೆಬ್ರವರಿಯಲ್ಲಿ ಸುಮಾರು 50,000 ಕಾರ್ಮಿಕರು ಕ್ರೆಮ್ಲಿನ್‌ನಲ್ಲಿದ್ದ ತ್ಸಾರ್ ಎರಡನೇ ಅಲೆಕ್ಸಾಂಡರ್ ಪ್ರತಿಮೆಗೆ ಮೆರವಣಿಗೆ ಹೋದರು. ಮಾಹಿತಿದಾರರನ್ನು ಗುಟ್ಟಾಗಿ ಪ್ರೀತಿಸುವ ಹೆಣ್ಣಿನಂತೆ ಕಾಪಾಡಿ, ಒಂದು ಹೆಜ್ಜೆ ತಪ್ಪಿದರೂ ಅವಳ ಮಾನ ಹೋಗುತ್ತದೆ ಎಂದು ತನ್ನ ಅಧಿಕಾರಿಗಳಿಗೆ ಹೇಳುತ್ತಿದ್ದನಂತೆ. ಓದಿದಾಗ ಮೈ ಜುಮ್ಮೆಂದಿತ್ತು.

ಹುಡುಗಿಯ ಮಾತಿಗೆ ಉತ್ತರವಾಗಿ ಅಜ್ಜಿ ಒಂದೇ ಹೆಸರು ಹೇಳಿದರು: ಕ್ರಾಂತಿಕಾರಿ ಗೆರ್ಶುನಿ. 1900ರಲ್ಲಿ ಸಿಕ್ಕಿಬಿದ್ದ ಗೆರ್ಶುನಿಯನ್ನು ಜುಬಾತೊವ್ ಮಾತಾಡಿಸಿ, ಹೇಳಿಕೆ ಬರೆಸಿಕೊಂಡು ಬಿಟ್ಟುಬಿಟ್ಟ. ಅದೇ ಗೆರ್ಶುನಿ ಮುಂದೆ ಸೋಷಿಯಲಿಸ್ಟ್ ರೆವಲ್ಯೂಷನರಿ ಪಕ್ಷದ ಹೋರಾಟ ದಳ ಕಟ್ಟಿದ. 1902ರ ಏಪ್ರಿಲ್‌ನಲ್ಲಿ ಗೃಹಮಂತ್ರಿ ಸಿಪ್ಯಾಗಿನ್ ಆ ದಳದ ಗುಂಡಿಗೆ ಬಲಿಯಾದ.

ಚಳಿಗೆ ನನ್ನ ಬೆರಳು ಮರಗಟ್ಟಿದ್ದವು. ಆದರೂ ಅಜ್ಜಿಯನ್ನು ಬಿಟ್ಟು ಹೊರಡಲು ಮನಸ್ಸಿರಲಿಲ್ಲ.

ರಷ್ಯಾಕ್ಕೆ ಹೋಗುವವರಿಗೆ ಒಂದು ಮಾತು. ನಮ್ಮ ವೀಸಾ ಕಾರ್ಡ್, ಮಾಸ್ಟರ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ, ನಗದೇ ಗತಿ. ಡಾಲರ್ ನೋಟು ಹೊಸದಿರಲಿ, ಮಡಿಕೆ ಇಲ್ಲದಿರಲಿ. ಹಣ ಬದಲಿಸುವ ಒಂದು ಕೌಂಟರ್‌ನಲ್ಲಿ ಸಣ್ಣ ಇಂಕಿನ ಗುರುತಿಗೇ ನನ್ನ ನೋಟನ್ನು ವಾಪಸ್ ತಳ್ಳಿದರು. ಅರ್ಧ ದಿನ ಅದಕ್ಕೇ ಹಾಳಾಯಿತು. ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹರ್ಮಿಟಾಜ್ ಮ್ಯೂಸಿಯಂ ಮುಗಿಸಿ ಫೊಂಟಾಂಕಾ ನದಿಯ ದಂಡೆಯ 16ನೇ ನಂಬರ್ ಕಟ್ಟಡಕ್ಕೆ ಹೋದೆವು. ಇಡೀ ಸಾಮ್ರಾಜ್ಯದ ಪೊಲೀಸ್ ಇಲಾಖೆ ಇದ್ದ ಜಾಗ. 1902ರಲ್ಲಿ ಬಡ್ತಿ ಸಿಕ್ಕಿ ಜುಬಾತೊವ್ ಇಲ್ಲಿಗೆ ಬಂದ. ಮರುವರ್ಷ ಒಡೆಸ್ಸಾದಲ್ಲಿ ಅವನ ಸಂಘದವರೇ ಸೇರಿದ್ದ ಮುಷ್ಕರ ಕೈಮೀರಿತು. ಮಂತ್ರಿ ಪ್ಲೇವೆ ಅವನನ್ನು ಕಿತ್ತುಹಾಕಿ ವ್ಲಾದಿಮಿರ್ ಪಟ್ಟಣಕ್ಕೆ ಅಟ್ಟಿದ. 1904ರಲ್ಲಿ ಪ್ಲೇವೆಯನ್ನೂ ಅದೇ ಹೋರಾಟ ದಳ ಬಾಂಬ್ ಎಸೆದು ಕೊಂದಿತು. 1905ರ ಜನವರಿಯಲ್ಲಿ ಕಾರ್ಮಿಕರನ್ನು ತ್ಸಾರ್‌ನ ಚಳಿಗಾಲದ ಅರಮನೆಯತ್ತ ಕರೆದೊಯ್ದ ಪಾದ್ರಿ ಗಪೋನ್ ಕೂಡ ಜುಬಾತೊವ್‌ನ ಬಳಗದಲ್ಲಿ ಓಡಾಡಿದವನೇ. ಅರಮನೆ ತಲುಪುವ ಮೊದಲೇ ಸೈನಿಕರು ಗುಂಡು ಹಾರಿಸಿದರು.

ಜುಬಾತೊವ್ ಸತ್ತದ್ದು 1917ರ ಮಾರ್ಚ್‌ನಲ್ಲಿ, ಮಾಸ್ಕೋದಲ್ಲಿ. ಮನೆಯವರ ಜೊತೆ ಊಟಕ್ಕೆ ಕೂತಿದ್ದಾಗ ತ್ಸಾರ್ ಸಿಂಹಾಸನ ಬಿಟ್ಟ ಸುದ್ದಿ ಬಂತು. ಎದ್ದು ಪಕ್ಕದ ಕೋಣೆಗೆ ಹೋಗಿ ಗುಂಡು ಹಾರಿಸಿಕೊಂಡ.

"ಪಾಪ, ನಂಬಿದ್ದಕ್ಕೆ ಕೊನೇವರೆಗೂ ನಿಂತನಲ್ಲ," ಎಂದಳು ಹುಡುಗಿ.

ನಾನು ಒಪ್ಪಲಿಲ್ಲ. ಪುಸ್ತಕ ಕೇಳಲು ಬಂದು ಸಿಕ್ಕಿಬಿದ್ದ ಹುಡುಗರೂ ಏನನ್ನೋ ನಂಬಿದ್ದರಲ್ವಾ, ಅವರ ನಂಬಿಕೆಯನ್ನು ಮಾರಿಯೇ ಇವನು ಮೇಲೆ ಬಂದದ್ದು ಅಂದೆ. ವಾಪಸ್ ರೈಲಿನಲ್ಲಿ ಮಾಸ್ಕೋ ಬರುವವರೆಗೂ ನಮ್ಮದು ಇದೇ ಜಗಳ.