ಮೊಳಕಾಲುದ್ದಕ್ಕೆ ಕಡಿದ ದಾಸವಾಳ

ಬೆಳಿಗ್ಗೆ ಏಳಕ್ಕೆ ಮೈಸೂರಿನ ಮನೆ ತಲುಪಿ ಗೇಟು ತೆಗೆದರೆ, ಅಮ್ಮ ಸ್ಟೂಲಿನ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಕೊಕ್ಕೆ, ಇನ್ನೊಂದು ಕೈಯಲ್ಲಿ ಬಗ್ಗಿಸಿದ ಕೊಂಬೆ. ಅವಳಿಗೆ 74 ವರ್ಷ. ನನ್ನ ಎದೆ ಧಸಕ್ಕೆಂದಿತು. ಕೂಗಿದರೆ ಬೆದರುತ್ತಾಳೆ ಅಂತ ಮೆಲ್ಲಗೆ ಹೋಗಿ, ಹಿಡಿದು ಇಳಿಸಿದೆ. ಬುಟ್ಟಿಯಲ್ಲಿ ಇದ್ದದ್ದು ಮೂರೇ ದಾಸವಾಳ.

ಆ ಗಿಡಕ್ಕೆ ಹದಿನೈದು ವರ್ಷದಿಂದ ಯಾರೂ ಕತ್ತರಿ ಮುಟ್ಟಿಸಿರಲಿಲ್ಲ. ಹೂ ಬಿಡೋ ಗಿಡ ಕಡಿಯಬಾರದು ಅನ್ನುವುದು ಅಮ್ಮನ ಮಾತು. ಗಿಡ ಕಿಟಕಿ ಮುಚ್ಚಿ ಮಾಳಿಗೆಯತ್ತ ಹೋಗಿತ್ತು. ಕೆಳಗೆಲ್ಲ ಬೋಳು ಕಾಂಡ, ಒಳಗೆ ಗಾಳಿಯಾಡದೆ ಬೆಳ್ಳಗೆ ಹಿಟ್ಟು ತಿಗಣೆ ಅನ್ನೋ ರಸ ಹೀರುವ ಹುಳು. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಚಿಗುರೆಲ್ಲ ತುದಿಯಲ್ಲೇ ಇದ್ದ ಮೇಲೆ ಹೂವೂ ಅಲ್ಲೇ ಅಲ್ವಾ?

ಕಡಿಯಲು ನನಗೂ ಭಯವಿತ್ತು. ನಾಲ್ಕು ವರ್ಷದ ಹಿಂದೆ ಗೇಟಿನ ಪಕ್ಕದ ಥೂಜಾ ಅನ್ನೋ ಅಲಂಕಾರದ ಗಿಡ ಜಾಸ್ತಿ ಅಗಲವಾಯಿತು ಅಂತ ಒಳಗಿನ ಕಂದು ಕೊಂಬೆವರೆಗೆ ಕತ್ತರಿಸಿಬಿಟ್ಟಿದ್ದೆ. ಒಂದು ವರ್ಷ ನೀರು ಹಾಕುತ್ತಾ ಕಾದೆವು. ಒಂದು ಹಸಿರು ಚುಕ್ಕೆಯೂ ಬರಲಿಲ್ಲ. ಥೂಜಾಕ್ಕೆ ಹಳೆ ಬೋಳು ಕೊಂಬೆಯಿಂದ ಮತ್ತೆ ಚಿಗುರುವ ಗುಣ ಇಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಅದನ್ನು ನೆಟ್ಟಿದ್ದು ಅಪ್ಪ.

ಹಿಂದಿನ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಆಗಿದ್ದವರು. ಅವರನ್ನು ಕರೆತಂದೆ. ಅವರು ದಾಸವಾಳದ ಬುಡವನ್ನು ಉಗುರಿನಿಂದ ಕೆರೆದು ತೋರಿಸಿದರು. ತೊಗಟೆಯ ಕೆಳಗೆ ಎಳೆ ಹಸಿರು. "ಮುದಿ ರೊಬಸ್ಟಾ ಕಾಫಿ ಗಿಡಾನ ನೆಲದಿಂದ ಒಂದಡಿಗೆ ಕಡಿದು ಎಬ್ಬಿಸ್ತೀವಿ. ಇದೂ ಏಳುತ್ತೆ" ಅಂದರು. ತೊಗಟೆಯೊಳಗೆ ಮೊಗ್ಗುಗಳು ಮಲಗಿರುತ್ತವಂತೆ. ತುದಿ ಚಿಗುರು ಇರುವ ತನಕ ಅವನ್ನು ಏಳಲು ಬಿಡುವುದಿಲ್ಲ. ತುದಿ ಹೋದರೆ ಅವಕ್ಕೆ ದಾರಿ.

ಶಿವರಾತ್ರಿ ಕಳೆದು ಚಳಿ ಹೋಗಿತ್ತು. ಮರುದಿನ ಭಾನುವಾರವೇ ಶುರುಮಾಡಿದೆವು. ಮೊದಲು ಕೊಂಬೆ ಕೊಂಬೆ ಸರಿಸಿ ಗೂಡು ಹುಡುಕಿದೆ. ಪಿಕಳಾರಗಳು ಮರಿ ಮಾಡುವ ಕಾಲ ಅದು. ಸಿಕ್ಕಿದ್ದು ಒಂದೇ ಹಳೆ ಗೂಡು, ಖಾಲಿ. ಮೊದಲ ದಪ್ಪ ಕೊಂಬೆಯನ್ನು ಮೇಲಿಂದ ಕೊಯ್ದೆ. ಮುಗಿಯುವ ಮುಂಚೆಯೇ ಅದು ಭಾರಕ್ಕೆ ವಾಲಿ, ತೊಗಟೆಯನ್ನು ಒಂದು ಗೇಣು ಸೀಳಿಕೊಂಡು ಬಿತ್ತು. ನನಗೇ ಪೆಟ್ಟಾದ ಹಾಗಾಯಿತು. ಆಮೇಲಿನದಕ್ಕೆಲ್ಲ ಮೊದಲು ಅಡಿಯಿಂದ ಸ್ವಲ್ಪ ಗರಗಸ ಹಾಕಿ, ನಂತರ ಮೇಲಿಂದ ಕೊಯ್ದೆ. ಹನ್ನೊಂದು ಗಂಟೆಗೆ ದಾಸವಾಳ ಮೊಳಕಾಲೆತ್ತರದ ಆರು ಮೋಟುಗಳಾಗಿ ನಿಂತಿತ್ತು.

ಆಮೇಲೆ ನಂದಿಬಟ್ಟಲು ಗಿಡಕ್ಕೆ ಕೈ ಹಾಕಿದಾಗ ಕೊಯ್ದ ಜಾಗದಿಂದ ಬೆಳ್ಳಗೆ ಹಾಲು ಸುರಿಯಿತು. ಅಮ್ಮ ನೋಡಲಾರದೆ ಒಳಗೆ ಹೋದಳು. ಅದಕ್ಕೆ ಇದ್ದದ್ದು ಐದು ಕಾಂಡ. ಈ ವರ್ಷ ಎರಡೇ ಸಾಕು, ಉಳಿದದ್ದನ್ನು ಮುಂದಿನ ವರ್ಷಗಳಲ್ಲಿ ತೆಗೆಯೋಣ ಅಂದರು ಹಿರಿಯರು. ಎಲೆ ಇರುವ ಕಾಂಡ ಬೇರಿಗೆ ಊಟ ಕೊಡುತ್ತಿರುತ್ತದೆ, ಅಮ್ಮನ ಪೂಜೆಗೂ ಹೂವಿರುತ್ತದೆ.

ಕಷ್ಟದ ಕೆಲಸ ಕಾಯುವುದು. ನಾನು ಬೆಂಗಳೂರಿಗೆ ಮರಳಿದೆ. ದಿನಾ ಸಂಜೆ ಫೋನ್ ಮಾಡಿದರೆ ಅಮ್ಮನದು ಒಂದೇ ಮಾತು: "ಏನೂ ಇಲ್ಲ ಕಣೇ." ಎಲೆಯೇ ಇಲ್ಲದ ಗಿಡ ಜಾಸ್ತಿ ನೀರು ಕುಡಿಯುವುದಿಲ್ಲ, ಸುಮ್ನೆ ಸುರಿದರೆ ಬೇರು ಕೊಳೆಯುತ್ತದೆ ಅಂತ ಪ್ರತಿಸಲವೂ ಹೇಳುತ್ತಿದ್ದೆ. ಗೊಬ್ಬರವನ್ನೂ ತಡೆದಿದ್ದೆ. ಥೂಜಾ ನೆನಪಾಗಿ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ.

ಹತ್ತೊಂಬತ್ತನೇ ದಿನ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಸ್ವಲ್ಪ ಮಸುಕು. ದೊಡ್ಡದು ಮಾಡಿ ನೋಡಿದೆ. ಬೋಳು ತೊಗಟೆಯಲ್ಲಿ ರಾಗಿಕಾಳಿನಷ್ಟು ಹಸಿರು. ಒಂದಲ್ಲ, ಏಳು. ಆಫೀಸಿನಲ್ಲಿ ಕೂತಲ್ಲೇ ಕಣ್ಣು ತುಂಬಿತು.

ಯುಗಾದಿಗೆ ಹೋದಾಗ ಇಪ್ಪತ್ತಕ್ಕೂ ಹೆಚ್ಚು ಚಿಗುರು. ಹೊರಮುಖವಾಗಿದ್ದ ಎಂಟನ್ನು ಉಳಿಸಿ, ಒಳಗೆ ನುಗ್ಗಿದ್ದನ್ನು ಹೆಬ್ಬೆರಳಿಂದ ಉಜ್ಜಿ ತೆಗೆದೆವು. ಗೇಣುದ್ದವಾದ ಮೇಲೆ ತುದಿ ಚಿವುಟಿದ್ದು ಅಮ್ಮನೇ. ಜೂನ್ ಮಳೆಯಲ್ಲಿ ಮೊದಲ ಹೂವು ಬಂತು, ಅವಳ ಸೊಂಟದೆತ್ತರದಲ್ಲಿ.

ಹೋದ ವಾರ ನೋಡಿದರೆ, ನಂದಿಬಟ್ಟಲಿನ ಒಂದು ಹಳೆ ಕಾಂಡಕ್ಕೆ ಸುಣ್ಣದ ಗೆರೆ ಎಳೆದಿತ್ತು. ಏನಮ್ಮ ಇದು ಅಂದೆ. "ಬರೋ ಶಿವರಾತ್ರಿಗೆ ಇದು. ಅಡಿಯಿಂದ ಮೊದಲು ಗರಗಸ ಹಾಕು, ಮರೀಬೇಡ" ಅಂದಳು.