ಅಪ್ಪನ ಮರೆವಿಗೆ ಎಷ್ಟು ಪರ್ಸೆಂಟ್?

ಮಾಜಿ ಸೈನಿಕರ ಅಂಗವೈಕಲ್ಯ ಎಷ್ಟು ಅಂತ ಅಳೆಯೋ ಮೆಡಿಕಲ್ ಬೋರ್ಡ್ ಮುಂದೆ ಕೂತಿದ್ದು ನಮ್ಮ ಅಪ್ಪನೇ ಅಲ್ಲ ಅನ್ನಿಸಿತು. ಬೆನ್ನು ನೆಟ್ಟಗೆ, ಮಾತಿಗೊಂದು 'ಸರ್'. ಸರ್ವಿಸ್ ನಂಬರ್ ಒಂದೇ ಉಸಿರಿಗೆ ಹೇಳಿದರು. ಇವತ್ತು ಎಷ್ಟು ತಾರೀಕು ಅಂದಾಗ ಡಾಕ್ಟರ್ ಹಿಂದೆ ತೂಗಿದ್ದ, ದಿನಕ್ಕೊಂದು ಹಾಳೆ ಹರಿಯೋ ಕ್ಯಾಲೆಂಡರ್ ನೋಡಿ ಓದಿಬಿಟ್ಟರು. 100ರಿಂದ ಏಳೇಳು ಕಳೆಯಿರಿ ಅಂದರೆ 93, 86, ಅಲ್ಲಿಗೆ ನಿಂತಿತು. ನೆನಪಿಟ್ಟುಕೊಳ್ಳಿ ಅಂತ ಮೊದಲೇ ಕೊಟ್ಟಿದ್ದ ಮೂರು ಪದ ಕೇಳಿದಾಗ, "ಆಗಲೇ ಹೇಳಿದೆನಲ್ಲ ಸರ್" ಅಂತ ನಕ್ಕರು. ಆ ನಗು ನೋಡಿ ನನಗೇ ಅನುಮಾನ ಬಂತು, ನಿಜವಾಗ್ಲೂ ಹೇಳಿದರಾ ಅಂತ.

ಅದೇ ಬೆಳಿಗ್ಗೆ ಕಾರವಾರದ ಕೋಡಿಬಾಗದ ಮನೆಯಲ್ಲಿ ಎರಡು ಸಲ ಸ್ನಾನ ಮಾಡಿದ್ದರು. ಅಮ್ಮ ರಾತ್ರಿ ಗ್ಯಾಸ್ ರೆಗ್ಯುಲೇಟರ್ ತೆಗೆದಿಟ್ಟೇ ಮಲಗೋದು.

ಅಪ್ಪ ನೌಕಾಪಡೆಯಲ್ಲಿ 15 ವರ್ಷ ಎಂಜಿನ್ ರೂಮಿನಲ್ಲಿದ್ದವರು. 1989ರಲ್ಲಿ ಹಡಗಿನ ಏಣಿಯಿಂದ ಜಾರಿ ತಲೆಗೆ ಪೆಟ್ಟು. ಬಿಡುಗಡೆಯಾಗುವಾಗ ಅದಕ್ಕೆ 20 ಪರ್ಸೆಂಟ್ ಹಾಕಿದ್ದರು. ಅಂಗವೈಕಲ್ಯದ ಪಿಂಚಣಿಗೆ ಕನಿಷ್ಠ ಅಷ್ಟಿರಬೇಕು. ಈಗ ಮರೆವು ಜಾಸ್ತಿಯಾಗಿದೆ, ಮತ್ತೊಮ್ಮೆ ಅಳೆಯಿರಿ ಅಂತ ನಾವು ಅರ್ಜಿ ಹಾಕಿದ್ದು.

ಪರ್ಸೆಂಟ್ ಲೆಕ್ಕ ನನಗೆ ಕಲಿಸಿದ್ದು ಪಕ್ಕದ ಮನೆಯ ಮಾಜಿ ಸುಬೇದಾರ್ ಮಾವ. ಪಿಂಚಣಿ ಲೆಕ್ಕಕ್ಕೆ ಅರ್ಹರಿಗೆ 50ಕ್ಕಿಂತ ಕಡಿಮೆ ಬಂದರೆ 50 ಅಂತ, 50ರಿಂದ 75ರವರೆಗೆ 75 ಅಂತ, ಅದರ ಮೇಲೆ 100 ಅಂತ ಹಿಡೀತಾರೆ. 100 ಬಂದು, ನೋಡಿಕೊಳ್ಳಲು ಸದಾ ಜನ ಬೇಕು ಅಂತ ಬೋರ್ಡ್ ಹೇಳಿದರೆ ಅದಕ್ಕೆ ಬೇರೆ ಭತ್ಯೆ ಇದೆ.

ಆದರೆ ಎಷ್ಟು ಅನ್ನೋದು ಅರ್ಧ ಪ್ರಶ್ನೆ ಮಾತ್ರ. ಯಾತರಿಂದ ಅನ್ನೋದು ಇನ್ನರ್ಧ. ಸೇವೆಯಿಂದ ಬಂದದ್ದೋ, ಸೇವೆಯಲ್ಲಿ ಹೆಚ್ಚಾದದ್ದೋ ಅಥವಾ ಸುಮ್ನೆ ವಯಸ್ಸಿನ ಮರೆವೋ? ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆಯಿಂದ ಸೇವೆ ಬಿಡಬೇಕಾಗಿ ಬಂದರೆ, ಅದು ಸೇವೆಯಿಂದಲೇ ಬಂತೆಂದು ಹಿಡೀಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮದು ಸೇವೆ ಬಿಟ್ಟು ಮೂವತ್ತು ವರ್ಷದ ಮೇಲೆ ಹೆಚ್ಚಾದ ಮರೆವು, ಅಷ್ಟು ಸಲೀಸಲ್ಲ. ಬಿದ್ದ ದಿನ ಏನಾಯ್ತು, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ ಅಂತ ಬೋರ್ಡಿನಲ್ಲಿ ಕೇಳಿದ್ದು ಅಪ್ಪನನ್ನೇ. ನೆನಪು ಹೋದವರೇ ನೆನಪು ಮಾಡಿ ಹೇಳಬೇಕು! ಪುಣ್ಯಕ್ಕೆ ಅಮ್ಮ ಟ್ರಂಕಿನ ತಳದಲ್ಲಿ ಆಗಿನ ಆಸ್ಪತ್ರೆಯ ಚೀಟಿ ಇಟ್ಟಿದ್ದಳು. ಮಡಿಕೆಯಲ್ಲಿ ಹರಿದಿದೆ, ತಾರೀಕು ಮಾತ್ರ ಕಾಣುತ್ತೆ.

ಹೋದ ಭಾನುವಾರ ಟ್ಯಾಗೋರ್ ಕಡಲತೀರದಲ್ಲಿರುವ ಚಾಪಲ್ ಹಡಗಿನ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಒಳಗೆ ಪೈಪು ಮುಟ್ಟಿ ಮುಟ್ಟಿ ಇದು ನೀರಿಂದು, ಇದು ಎಣ್ಣೇದು ಅಂದರು. ಹೊರಗೆ ಬಂದು ನಮ್ಮ ಸ್ಕೂಟರ್ ಎದುರೇ ನಿಂತು, "ನಾವು ಹೇಗೆ ಬಂದದ್ದು?" ಅಂದರು. ಬೋರ್ಡಿನವರು ನೋಡಬೇಕಾದ್ದು ಇದನ್ನು, ಅಲ್ವಾ?

ಅದಕ್ಕೇ ಈಗ ನೋಟ್‌ಬುಕ್ ಇಟ್ಟಿದ್ದೇನೆ. ತಾರೀಕು, ಹೊತ್ತು, ಏನಾಯ್ತು, ಅಷ್ಟೇ. ಫಲಿತಾಂಶ ಸರಿ ಬಾರದಿದ್ದರೆ ಮೇಲ್ಮನವಿಗೆ ಬೇಕಾಗುತ್ತೆ. ನಿನ್ನೆ ಬರೆದದ್ದು: ರಾತ್ರಿ 2.40. ಬಿಳಿ ಷರ್ಟ್ ಇಸ್ತ್ರಿ ಮಾಡುತ್ತಿದ್ದರು. 4 ಗಂಟೆಗೆ ವಾಚ್ ಡ್ಯೂಟಿಯಂತೆ. ಇಸ್ತ್ರಿ ಪೆಟ್ಟಿಗೆ ಸುಡುಸುಡು ಕಾದಿತ್ತು.